ರಾಗಿ ಬಗ್ಗೆ ಮಾತಾಡುವವರು ಲಕ್ಷ್ಮಣಯ್ಯನವರ ಹೆಸರನ್ನೂ ಹೇಳಿ

ಸಿರಿಧಾನ್ಯ ಮೇಳವೊಂದರಲ್ಲಿ ಆಳೆತ್ತರದ ಫಲಕ: ರಾಗಿ ಸಾವಿರಾರು ವರ್ಷಗಳಿಂದ ಒಂದಿಷ್ಟೂ ಬದಲಾಗದ ಅಪ್ಪಟ ದೇಸಿ ಧಾನ್ಯವಂತೆ, ವಿಜ್ಞಾನಿಗಳು ಕೈಯಾಡಿಸದೆ ಉಳಿದದ್ದಂತೆ. ಓದಿ ಮೈ ಉರಿಯಿತು. ಅದೂ ಹೊಸ ರಾಗಿ ತಳಿಗಳನ್ನು ತೆಗೆದ ವಿಜ್ಞಾನಿ 'ರಾಗಿ ಲಕ್ಷ್ಮಣಯ್ಯ'ನವರ ನಾಡಿನಲ್ಲಿ!

1921ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಲಕ್ಷ್ಮಣಯ್ಯನವರ ದುಡಿಮೆಯೆಲ್ಲ ಹೆಚ್ಚಾಗಿ ನಡೆದದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ತಾಕುಗಳಲ್ಲಿ. ಅರುಣ, ಉದಯ, ಪೂರ್ಣ, ಕಾವೇರಿ, ಶಕ್ತಿ, ಅನ್ನಪೂರ್ಣ ಎಲ್ಲ ಅವರು ತೆಗೆದ ಮೊದಲ ಸುತ್ತಿನ ತಳಿಗಳು. ಆಮೇಲೆ ಇಂಡಾಫ್ ತಳಿಗಳು, ಅಂದರೆ ಇಂಡಿಯಾದ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ತೆಗೆದವು. ನಮ್ಮದು ಚೆನ್ನಾಗಿ ತೆಂಡೆ (ಬುಡದಿಂದ ಹೊರಡುವ ಕವಲು) ಒಡೆಯುತ್ತದೆ, ಬೇಗ ಕೊಯ್ಲಿಗೆ ಬರುತ್ತದೆ, ಆದರೆ ತೆನೆ ಸಣ್ಣದು. ಆಫ್ರಿಕಾದ್ದಕ್ಕೆ ದಪ್ಪ ಕಡ್ಡಿ, ದೊಡ್ಡ ತೆನೆ, ದಪ್ಪ ಕಾಳು. ತೆಂಡೆ ಮಾತ್ರ ಕಮ್ಮಿ, ಕೊಯ್ಲೂ ತಡ. ಎರಡರ ಒಳ್ಳೆಯ ಗುಣ ಒಂದೇ ಗಿಡದಲ್ಲಿ ಬರಬೇಕು. ಅಷ್ಟಕ್ಕೂ ರಾಗಿಯ ಮೂಲವೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಹಾಗಿರುವಾಗ 'ಅಪ್ಪಟ' ಎಂದು ಯಾವುದನ್ನು ಕರೆಯುತ್ತೀರಿ?

ಸಂಕರಣ ಮಾಡುವುದು ಸುಲಭ ಅಂದುಕೊಂಡವರು ಒಂದು ರಾಗಿ ಹೂವನ್ನು ಮಸೂರದ ಕೆಳಗೆ ಹಿಡಿದು ನೋಡಬೇಕು. ತೀರಾ ಸಣ್ಣ ಹೂವು, ಅದರೊಳಗೆ ಮೂರು ಕೇಸರ. ಅರಳುವುದು ನಡುರಾತ್ರಿ ಕಳೆದ ಮೇಲೆ, ಸುಮಾರು ಒಂದರಿಂದ ಐದು ಗಂಟೆಯೊಳಗೆ. ಅರಳುವಾಗಲೇ ತನ್ನ ಪರಾಗ ತನ್ನ ಮೇಲೇ ಉದುರಿ ಬೀಜ ಕಟ್ಟುವ ಕೆಲಸ ಮುಗಿದಿರುತ್ತದೆ. ಹೊರಗಿನ ಪರಾಗಕ್ಕೆ ಎಡೆ ತೀರಾ ಕಮ್ಮಿ. ಮೇಲಾಗಿ ಆ ಪರಾಗದ ಜೀವ ಕೆಲವೇ ನಿಮಿಷ. ಚಿಮುಟದಿಂದ ಒಂದೊಂದೇ ಕೇಸರ ಕೀಳಲು ಹೋದರೆ ಹೂವೇ ನಜ್ಜುಗುಜ್ಜು.

ಹಾಗಾಗಿ ತಳಿಗಾರರಿಗೆ ಎರಡು ದಾರಿ. ಒಂದು, ಅರಳುವ ಮುಂಚೆ ತಾಯಿ ತೆನೆಯನ್ನು 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸುಮಾರು 5 ನಿಮಿಷ ಅದ್ದಿ ಪರಾಗ ಸಾಯಿಸುವುದು. ನೀರು ಆರಿದರೆ ಪರಾಗ ಬದುಕುತ್ತದೆ, ಬಿಸಿ ಹೆಚ್ಚಾದರೆ ಅಂಡಾಶಯವೂ ಬೇಯುತ್ತದೆ. ಇನ್ನೊಂದು, ತಾಯಿ ತೆನೆ, ತಂದೆ ತೆನೆ ಎರಡನ್ನೂ ಒತ್ತಾಗಿ ಕಟ್ಟಿ ಒಂದೇ ಚೀಲ ಮುಚ್ಚುವುದು. ಇದರಲ್ಲಿ ಬಹುಪಾಲು ಕಾಳು ತಾಯಿಯದ್ದೇ ಆಗಿರುತ್ತದೆ. ಅದಕ್ಕೇ ಹಸಿರು ಗಿಡವನ್ನು ತಾಯಿಯಾಗಿ, ನೇರಳೆ ಬಣ್ಣದ್ದನ್ನು ತಂದೆಯಾಗಿ ಆರಿಸುತ್ತಾರೆ. ನೇರಳೆ ಪ್ರಬಲ ಗುಣವಾದ್ದರಿಂದ, ಬಿತ್ತಿದ ಸಸಿಗಳಲ್ಲಿ ಗೆಣ್ಣು ನೇರಳೆಗೆ ತಿರುಗಿದವು ಮಾತ್ರ ನಿಜವಾದ ಸಂಕರ. ಉಳಿದವನ್ನು ಕಿತ್ತು ಹಾಕುವುದು. ಇದಕ್ಕೂ ಮುಂಚೆ ಎರಡೂ ಒಟ್ಟಿಗೆ ಹೂ ಬಿಡಲೆಂದು ಕಂತುಕಂತಾಗಿ ಬಿತ್ತಿರಬೇಕು, ಏಕೆಂದರೆ ಆಫ್ರಿಕಾದ್ದು ಹೂ ಬಿಡುವುದು ತಡ.

ಇಷ್ಟಾದರೂ ಕೈಗೆ ಬರುವುದು ಬೆರಳೆಣಿಕೆಯ ಗಿಡ. ಎರಡನೇ ಪೀಳಿಗೆಯಲ್ಲಿ ಗುಣಗಳು ಚೆಲ್ಲಾಪಿಲ್ಲಿ. ದೊಡ್ಡ ತೆನೆಯಿದ್ದರೆ ತೆಂಡೆ ಇಲ್ಲ, ತೆಂಡೆ ಇದ್ದರೆ ಗಿಡ ಬಾಗಿ ಬೀಳುತ್ತದೆ. ಆರಿಸುತ್ತಾ, ಬಿಸಾಕುತ್ತಾ ಆರೇಳು ಪೀಳಿಗೆ ಕಳೆದ ಮೇಲೆ ತಳಿ ಒಂದೇ ಸಮ ನಿಲ್ಲುತ್ತದೆ. ಕಾವೇರಿ ತಳಿಗೆ ಆಫ್ರಿಕಾದ ಐಇ 929 ಎಂಬ ರಾಗಿ ಸೇರಿಸಿ ಇಂಡಾಫ್ 5 ಬಂದದ್ದು ಹೀಗೆ. ಈ ತಾಳ್ಮೆಗೆ ಆ ಫಲಕದಲ್ಲಿ ಒಂದು ಸಾಲಿನ ಜಾಗವೂ ಇಲ್ಲ ಅಂದರೆ ನನಗೆ ಸಿಟ್ಟು ಬರದೆ ಇನ್ನೇನು?

"ಇಂಡಾಫ್‌ಗೆ ಬೆಂಕಿ ರೋಗ ಬರುತ್ತಿತ್ತು, ನಾಟಿ ತಳಿಗಳೂ ಹೋದವು" ಅನ್ನುತ್ತಾರೆ ಕೆಲವರು. ರೋಗದ ಮಾತು ನಿಜ, ತೆನೆಗೆ ತಗುಲಿದರೆ ಕಾಳು ಜೊಳ್ಳಾಗುತ್ತಿತ್ತು. ಆದರೆ ಆ ರೋಗ ತಡೆಯುವ ಜಿಪಿಯು 28 ಎಂಬ ರಾಗಿ ತಳಿ ಎಲ್ಲಿಂದ ಬಂತು? ಇಂಡಾಫ್ 9ಕ್ಕೆ ಐಇ 1012 ಸೇರಿಸಿ, ಬಂದದ್ದನ್ನು ಇಂಡಾಫ್ 5ರ ಜೊತೆ ಕೂಡಿಸಿ. ಲಕ್ಷ್ಮಣಯ್ಯನವರ ತಳಿಗಳಿಲ್ಲದೆ ಅದೂ ಇಲ್ಲ. ನಾಟಿ ತಳಿ ಉಳಿಸಬೇಕು, ಖಂಡಿತ. ಅದಕ್ಕಾಗಿ ಇವರನ್ನು ಅಳಿಸಬೇಕಿಲ್ಲ.

ಪ್ರತಿ ವರ್ಷ ಕಂಪನಿಯಿಂದ ಬೀಜ ಕೊಳ್ಳಬೇಕಾದೀತೆಂಬ ಭಯವೂ ಇಲ್ಲಿ ಸಲ್ಲದು. ಇವು ಸ್ಥಿರಗೊಂಡ ತಳಿಗಳು, ಗಿಡವೂ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಹೊಲದ ನಡುವಿನಿಂದ ರೋಗವಿಲ್ಲದ, ಒಂದೇ ತೆರನಾದ ತೆನೆ ಆರಿಸಿ, ಒಣಗಿಸಿ, ಬೇರೆಯಾಗಿ ಬಡಿದಿಟ್ಟುಕೊಂಡರೆ ಬರುವ ಮುಂಗಾರಿಗೆ ರೈತನ ಬೀಜ ರೈತನ ಮನೆಯಲ್ಲೇ ಇರುತ್ತದೆ.