ಬಿಡುತ್ತೇನೆ ಎನ್ನುವವರ ಲೆಕ್ಕ, ಕೊಡುತ್ತೇನೆ ಎನ್ನುವವರ ಲೆಕ್ಕ

2025ರಲ್ಲಿ 12.75 ಎಂಬ ಅಂಕಿ ಎರಡು ದೇಶಗಳಲ್ಲಿ ಸದ್ದು ಮಾಡಿತು. ಫೆಬ್ರವರಿ 1ರ ಬಜೆಟ್‌ನಲ್ಲಿ ದೆಹಲಿ ಸರ್ಕಾರ, ಹೊಸ ಪದ್ಧತಿ ಆರಿಸಿಕೊಂಡ ಸಂಬಳದಾರರಿಗೆ 12.75 ಲಕ್ಷ ರೂಪಾಯಿವರೆಗೆ ಆದಾಯ ತೆರಿಗೆಯೇ ಇಲ್ಲ ಎಂದಿತು. ಎರಡು ತಿಂಗಳು ತುಂಬುವ ಮೊದಲೇ ಕೆನಡಾದ ವಿರೋಧ ಪಕ್ಷದ ನಾಯಕ ಪಿಯೆರ್ ಪೊಲಿಯೆವ್, ಚುನಾವಣೆ ಘೋಷಣೆಯಾದ ಬೆನ್ನಲ್ಲೇ, ಆದಾಯ ತೆರಿಗೆಯ ಕೆಳಗಿನ ಹಂತದ ದರವನ್ನು ಶೇ. 15ರಿಂದ ಶೇ. 12.75ಕ್ಕೆ ಇಳಿಸುತ್ತೇನೆ ಎಂದರು. ಕರ್ನಾಟಕದಿಂದ ಬಂದು ಇಲ್ಲಿ ಕೆನಡಾದಲ್ಲಿ ನೆಲೆಸಿದ ನಮಗೆ ಗೊತ್ತು, ಊರಿನ ಕಿವಿಗೆ ಇದು ಸಪ್ಪೆ ಮಾತು. ಎರಡೂಕಾಲು ಪರ್ಸೆಂಟ್ ಕಡಿತಕ್ಕೆ ಯಾರಾದರೂ ಓಟು ಹಾಕುತ್ತಾರಾ ಅನಿಸುತ್ತದೆ. ನಮ್ಮಲ್ಲಿ ವಿರೋಧ ಪಕ್ಷ ಎಂದರೆ ತಿಂಗಳಿಗೆ ಎರಡು ಸಾವಿರ, ಇನ್ನೂರು ಯೂನಿಟ್ ಕರೆಂಟ್, ಹತ್ತು ಕೆಜಿ ಅಕ್ಕಿ. ಅಲ್ಲಿಯವರು ಕೊಡುತ್ತೇನೆ ಎನ್ನುತ್ತಾರೆ, ಇಲ್ಲಿಯವರು ತೆಗೆದುಕೊಳ್ಳುವುದರಲ್ಲಿ ಇಷ್ಟು ಬಿಡುತ್ತೇನೆ ಎನ್ನುತ್ತಾರೆ.

ನಿಜವಾಗಿ ಮೆಚ್ಚಿಗೆಯಾಗುವುದು ಬೇರೆ ವಿಷಯ. ಈ ಸಪ್ಪೆ ಭರವಸೆಯನ್ನು ಯಾವ ಸಂಬಳದಾರ ಬೇಕಾದರೂ ತನ್ನ ಟಿ4 ಚೀಟಿ ಮುಂದಿಟ್ಟುಕೊಂಡು ಡಾಲರ್ ಲೆಕ್ಕಕ್ಕೆ ಇಳಿಸಬಹುದು. ಟಿ4 ಎಂದರೆ ಇಲ್ಲಿನ ಫಾರ್ಮ್ 16.

ಲೆಕ್ಕ ಹೀಗೆ. 2025ಕ್ಕೆ ಕೆಳಗಿನ ಹಂತ 57,375 ಡಾಲರಿನವರೆಗೆ. ಅಷ್ಟಕ್ಕೂ ಶೇ. 15 ಹಾಕಿದರೆ 8,606, ಶೇ. 12.75 ಹಾಕಿದರೆ 7,315. ವ್ಯತ್ಯಾಸ 1,291 ಡಾಲರ್. ಇಲ್ಲಿಗೇ ನಿಲ್ಲಿಸಿದರೆ ತಪ್ಪಾಗುತ್ತದೆ. ಆ ವರ್ಷ ಬಹುತೇಕ ಎಲ್ಲರಿಗೂ ಇದ್ದ ಮೂಲ ವಿನಾಯಿತಿ 16,129 ಡಾಲರ್. ಅದನ್ನು ಆದಾಯದಲ್ಲಿ ಕಳೆಯುವುದಿಲ್ಲ. ಅದರ ಮೇಲೆ ಕೆಳಗಿನ ಹಂತದ ದರ ಹಾಕಿ, ಬಂದ ಮೊತ್ತವನ್ನು ತೆರಿಗೆಯಲ್ಲಿ ಕಳೆಯುತ್ತಾರೆ. ದರ ಇಳಿದರೆ ಈ ರಿಯಾಯಿತಿಯೂ ಇಳಿಯುತ್ತದೆ: 2,419 ಇದ್ದದ್ದು 2,056 ಆಗುತ್ತದೆ. ಅಲ್ಲಿ 363 ಕೈಬಿಟ್ಟು ಉಳಿಯುವುದು 928. ಸಿಪಿಪಿ ಪಿಂಚಣಿ ಕಡಿತ, ಇಐ ನಿರುದ್ಯೋಗ ವಿಮೆ, ನೌಕರಿಗೆ ಸಿಗುವ ಸಣ್ಣ ವಿನಾಯಿತಿ, ಇವುಗಳಿಗೂ ಅದೇ ದರ. 60,000 ಡಾಲರ್ ಸಂಬಳದವರು ಅವನ್ನೂ ಸೇರಿಸಿದರೆ ಉಳಿತಾಯ ಸುಮಾರು 810ಕ್ಕೆ ಬಂದು ನಿಲ್ಲುತ್ತದೆ. ಪಕ್ಷ ಹೇಳಿದ್ದು ಸರಾಸರಿ ದುಡಿಯುವವರಿಗೆ 900, ಇಬ್ಬರೂ ದುಡಿಯುವ ಮನೆಗೆ 1,800. ಸ್ವಲ್ಪ ಉದಾರವಾದ ಲೆಕ್ಕ, ಸುಳ್ಳು ಲೆಕ್ಕವಲ್ಲ. ಅದೂ ಒಂದೇ ವರ್ಷದಲ್ಲಿ ಬರುವುದಲ್ಲ, ಹಂತಹಂತವಾಗಿ ಇಳಿಸುವ ಯೋಜನೆ.

ಹೊಸದಾಗಿ ಬಂದವರು ಎಡವುವುದು ಈ ರಿಯಾಯಿತಿಯ ಜಾಗದಲ್ಲೇ. ಓದಿಗೆ ಕಟ್ಟಿದ ಟ್ಯೂಷನ್ ಫೀಸು, ಆಸ್ಪತ್ರೆ ಮತ್ತು ಔಷಧಿ ಖರ್ಚು, ದಾನದ ಮೊದಲ 200 ಡಾಲರ್, ಎಲ್ಲಕ್ಕೂ ರಿಯಾಯಿತಿ ಕೆಳಗಿನ ದರದಲ್ಲೇ. ದೊಡ್ಡ ಟ್ಯೂಷನ್ ಬಾಕಿಯನ್ನು ಮುಂದಿನ ವರ್ಷಗಳಿಗೆ ಒಯ್ಯುತ್ತಿರುವ ವಿದ್ಯಾರ್ಥಿಗೆ ದರ ಇಳಿದಷ್ಟೂ ಆ ಬಾಕಿಯ ಬೆಲೆ ಕರಗುತ್ತದೆ. 16,129ಕ್ಕಿಂತ ಕಡಿಮೆ ದುಡಿಯುವವರಿಗೆ ಈ ಕಡಿತದಿಂದ ಏನೂ ಇಲ್ಲ. 57,375 ದಾಟಿದವರಿಗೆ, ಅವರು ಅರುವತ್ತು ಸಾವಿರದವರಾಗಲಿ ಆರು ಲಕ್ಷದವರಾಗಲಿ, ಪೂರ್ತಿ ಲಾಭ.

ಆಳುವ ಲಿಬರಲ್ ಪಕ್ಷದ ಮಾರ್ಕ್ ಕಾರ್ನಿ ಇದಕ್ಕೆ ಒಂದು ದಿನ ಮೊದಲು ಹೇಳಿದ್ದು ಶೇ. 15ರಿಂದ 14. ಏಪ್ರಿಲ್ 28ರ ಚುನಾವಣೆಯಲ್ಲಿ ಗೆದ್ದು ಜುಲೈ 1ರಿಂದ ಜಾರಿಗೂ ತಂದರು. ವರ್ಷದ ನಡುವೆ ಬಂದದ್ದರಿಂದ 2025ಕ್ಕೆ ದರ 14.5, 2026ರಿಂದ 14. ಅಂದರೆ ವಿರೋಧ ಪಕ್ಷ ಕೇಳಿದ್ದರ ಅರ್ಧಕ್ಕಿಂತ ಕಡಿಮೆ ಆದರೂ ಕೈಗೆ ಬಂತು. ಪೊಲಿಯೆವ್ ವರ್ಷಗಟ್ಟಲೆ ಬೈದ ಕಾರ್ಬನ್ ತೆರಿಗೆಯ ಗ್ರಾಹಕರ ಭಾಗವನ್ನೂ, ಪೆಟ್ರೋಲ್ ಲೀಟರಿಗೆ 17.6 ಸೆಂಟ್, ಅದೇ ಏಪ್ರಿಲ್ 1ಕ್ಕೆ ಕಾರ್ನಿಯೇ ಸೊನ್ನೆ ಮಾಡಿದರು. ಹೊಸ ಮನೆಯ ಮೇಲಿನ ಶೇ. 5 ಜಿಎಸ್‌ಟಿಯದ್ದೂ ಇದೇ ಕಥೆ. 13 ಲಕ್ಷ ಡಾಲರಿಗಿಂತ ಕಡಿಮೆ ಬೆಲೆಯ ಹೊಸ ಮನೆಗಳಿಗೆ ತೆರಿಗೆ ಬೇಡ, 65,000 ಡಾಲರಿನವರೆಗೆ ಉಳಿತಾಯ ಎಂದು ಪೊಲಿಯೆವ್ ಹೇಳಿದರೆ, ಕಾರ್ನಿ ಮೊದಲ ಮನೆ ಕೊಳ್ಳುವವರಿಗಷ್ಟೇ, 10 ಲಕ್ಷದವರೆಗೆ ಎಂದರು. ವಿರೋಧ ಪಕ್ಷದವರು ಸೋತರೂ ಅವರ ಲೆಕ್ಕ ಸೋಲುವುದಿಲ್ಲ ಎಂಬುದನ್ನು ಇಲ್ಲಿ ಕಣ್ಣಾರೆ ಕಾಣಬಹುದು.

ಇದು ಸಾಧ್ಯವಾಗುವುದರ ಹಿಂದೆ ಒಂದು ಕಚೇರಿ ಇದೆ, ಸಂಸತ್ತಿನ ಬಜೆಟ್ ಅಧಿಕಾರಿಯದ್ದು. 2019ರ ಚುನಾವಣೆಯಿಂದ ಯಾವ ಪಕ್ಷ ಬೇಕಾದರೂ ತನ್ನ ಪ್ರಸ್ತಾಪವನ್ನು ಗುಟ್ಟಾಗಿ ಅಲ್ಲಿಗೆ ಕಳಿಸಿ ಖರ್ಚಿನ ಅಂದಾಜು ಕೇಳಬಹುದು. ಕಚೇರಿ ಇಲಾಖೆಗಳಿಂದ ಅಂಕಿಅಂಶ ತರಿಸಿಕೊಂಡು, ವರ್ಷವಾರು ಕೋಷ್ಟಕ ಮಾಡಿ, ಅಂದಾಜಿನಲ್ಲಿ ಎಲ್ಲಿ ಅನುಮಾನ ಉಳಿದಿದೆ ಎಂಬುದನ್ನೂ ಬರೆದು ಕೊಡುತ್ತದೆ. ಪಕ್ಷ ಆ ಪ್ರಸ್ತಾಪವನ್ನು ಘೋಷಿಸಿದರೆ ಅಂದಾಜೂ ಬಯಲಿಗೆ ಬರುತ್ತದೆ. 12.75ರ ಪ್ರಸ್ತಾಪಕ್ಕೆ ಪೂರ್ತಿ ಜಾರಿಯಾದ ಮೇಲೆ ವರ್ಷಕ್ಕೆ ಸುಮಾರು 1,400 ಕೋಟಿ ಡಾಲರ್ ಬೇಕು ಎಂಬುದು ಓಟಿಗೆ ಮೊದಲೇ ಜನರಿಗೆ ಗೊತ್ತಿತ್ತು. ಅಷ್ಟು ಹಣ ಎಲ್ಲಿಂದ ಎಂದು ಪತ್ರಕರ್ತರು ಕೇಳಿದಾಗ, ಕನ್ಸಲ್ಟೆಂಟುಗಳಿಗೆ ಸುರಿಯುವುದನ್ನೂ ವಿದೇಶಿ ನೆರವನ್ನೂ ಕಡಿತ ಮಾಡುತ್ತೇವೆ ಎಂದಾದರೂ ಉತ್ತರ ಕೊಡಬೇಕಾಯಿತು.

ನಮ್ಮಲ್ಲಿ? 2022ರ ಅಕ್ಟೋಬರ್‌ನಲ್ಲಿ ಚುನಾವಣಾ ಆಯೋಗ, ಭರವಸೆಗೆ ಹಣ ಎಲ್ಲಿಂದ ತರುತ್ತೀರಿ ಎಂದು ಪಕ್ಷಗಳು ತುಂಬಿ ಕೊಡಬೇಕಾದ ಒಂದು ನಮೂನೆಯನ್ನು ಪ್ರಸ್ತಾಪಿಸಿ ಅಭಿಪ್ರಾಯ ಕೇಳಿತು. ಬಲವಾದ ವಿರೋಧ ಬಂತು, ಅದು ಅಲ್ಲಿಗೇ ನಿಂತಿತು. 2023ರ ವಿಧಾನಸಭಾ ಚುನಾವಣೆಗೆ ಮೊದಲು ಗ್ಯಾರಂಟಿ ಕಾರ್ಡು ಮನೆಮನೆಗೆ ಹೋಯಿತು. ಕಾರ್ಡಿನಲ್ಲಿ ಫಲಾನುಭವಿಗೆ ಸಿಗುವ ಮೊತ್ತವಿತ್ತು, ಖಜಾನೆಗೆ ಬೀಳುವ ಮೊತ್ತವಿರಲಿಲ್ಲ. ಆಗ ಆಳುತ್ತಿದ್ದ ಪಕ್ಷದ ಪ್ರಣಾಳಿಕೆಯಲ್ಲೂ ದಿನಕ್ಕೆ ಅರ್ಧ ಲೀಟರ್ ಹಾಲು, ವರ್ಷಕ್ಕೆ ಮೂರು ಸಿಲಿಂಡರ್. ಅದಕ್ಕೆಷ್ಟು ಎಂದು ಯಾರೂ ಕೇಳಲಿಲ್ಲ. ಐಟಿ ರಾಜಧಾನಿ ಎನಿಸಿಕೊಂಡ ಊರಿರುವ ರಾಜ್ಯದಲ್ಲಿ ಒಂದು ಎಕ್ಸೆಲ್ ಹಾಳೆ ಕೇಳುವುದು ಅತಿಯಾಸೆಯಲ್ಲ.

ಇನ್ನು ಅಪರಾಧದ ಮಾತು. ಪೊಲಿಯೆವ್‌ಗೆ ನಮ್ಮವರಲ್ಲಿ ಕಿವಿಗೊಡುವವರು ಹೆಚ್ಚಿರುವುದು ತೆರಿಗೆಗಿಂತ ಇದಕ್ಕೇ. ಬ್ರಾಂಪ್ಟನ್, ಸರ್ರೆ ಕಡೆ ದಕ್ಷಿಣ ಏಷ್ಯಾ ಮೂಲದ ಅಂಗಡಿಕಾರರಿಗೆ, ಲಾರಿ ಮಾಲೀಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಹಫ್ತಾ ಬೆದರಿಕೆ ಬರುತ್ತದೆ, ಕೊಡದಿದ್ದರೆ ಮನೆಯ ಮೇಲೆ ಗುಂಡು ಹಾರುತ್ತದೆ. ಮನೆ ಮುಂದೆ ನಿಲ್ಲಿಸಿದ ಕಾರು ಬೆಳಗಾಗುವಷ್ಟರಲ್ಲಿ ಮಾಂಟ್ರಿಯಲ್ ಬಂದರಿನ ದಾರಿ ಹಿಡಿದಿರುತ್ತದೆ. ಒಬ್ಬ ಒಳಗಿನ ಕೀಲಿಯ ಸಿಗ್ನಲ್ ಹಿಡಿದು ದೊಡ್ಡದು ಮಾಡುತ್ತಾನೆ, ಇನ್ನೊಬ್ಬ ಕಾರಿನ ಬಾಗಿಲಲ್ಲಿ ನಿಂತು ಅದನ್ನು ಬಳಸುತ್ತಾನೆ. ಸಿಕ್ಕಿಬಿದ್ದವರು ಮೂರೇ ದಿನಕ್ಕೆ ಜಾಮೀನಿನ ಮೇಲೆ ಹೊರಗೆ ಎಂಬ ಸಿಟ್ಟು ಸಹಜವೇ.

ಪೊಲಿಯೆವ್ ಪ್ರಸ್ತಾಪ: ಮೂರು ಗಂಭೀರ ಅಪರಾಧಗಳಲ್ಲಿ ಶಿಕ್ಷೆಯಾದವರಿಗೆ ಕನಿಷ್ಠ 10 ವರ್ಷ, ಜೀವಾವಧಿವರೆಗೂ ಹೋಗಬಹುದು, ಜಾಮೀನು, ಪ್ರೊಬೇಷನ್, ಪೆರೋಲ್, ಗೃಹಬಂಧನ ಯಾವುದೂ ಇಲ್ಲ. ಜಾಮೀನಿನ ನಿಯಮ ಬದಲಿಸಿದ 2019ರ ಸಿ-75, ಕೆಲವು ಕಡ್ಡಾಯ ಕನಿಷ್ಠ ಶಿಕ್ಷೆಗಳನ್ನು ತೆಗೆದ 2022ರ ಸಿ-5 ಎಂಬ ಎರಡು ಕಾಯ್ದೆಗಳು ರದ್ದು. ಊರಿನಲ್ಲಿ ಇಂಥ ಸಿಟ್ಟಿಗೆ ಸಿಗುವ ಉತ್ತರ ಗಲ್ಲಿಗೇರಿಸಿ, ಎನ್‌ಕೌಂಟರ್ ಮಾಡಿ ಎಂಬ ಕೂಗು. ಇಲ್ಲಿ ಯಾವ ಕಾಯ್ದೆ, ಯಾವ ಸೆಕ್ಷನ್ ಎಂದು ಹೆಸರಿಸಿ ಮಾತಾಡಬೇಕು, ಹೆಸರಿಸಿದ ಕೂಡಲೇ ವಕೀಲರು ಅದನ್ನು ಬಿಡಿಸಿ ನೋಡುತ್ತಾರೆ.

ಬಿಡಿಸಿ ನೋಡಿದಾಗ ಸಿಗುವುದೇನು? ಜಾಮೀನು ನಿರಾಕರಿಸಲು ಕ್ರಿಮಿನಲ್ ಕೋಡ್‌ನ 515(10) ಮೂರೇ ಕಾರಣ ಒಪ್ಪುತ್ತದೆ: ಆರೋಪಿ ವಿಚಾರಣೆಗೆ ತಪ್ಪಿಸಿಕೊಳ್ಳಬಹುದು, ಜನರಿಗೆ ಅಪಾಯವಿದೆ, ಬಿಟ್ಟರೆ ನ್ಯಾಯವ್ಯವಸ್ಥೆಯ ಮೇಲೆ ವಿಶ್ವಾಸ ಹೋಗುತ್ತದೆ. ಇಲ್ಲಿನ ಸುಪ್ರೀಂ ಕೋರ್ಟಿನ 2017ರ ಆಂಟಿಕ್ ತೀರ್ಪು, ಕಡಿಮೆ ಷರತ್ತಿನಿಂದ ಶುರುಮಾಡಿ ಬೇಕಾದರಷ್ಟೇ ಮೇಲೆ ಹತ್ತಿ ಎಂದಿತು. ಸಿ-75 ಅದೇ ಸಂಯಮವನ್ನು ಕೋಡ್‌ಗೆ ಸೇರಿಸಿತು. ಆದ್ದರಿಂದ ಸಿ-75 ರದ್ದಾದರೂ ತೀರ್ಪು ಉಳಿಯುತ್ತದೆ, ತೀರ್ಪಿನ ಹಿಂದೆ ಕೆನಡಾ ಸಂವಿಧಾನದ ಹಕ್ಕುಗಳ ಪಟ್ಟಿಯಾದ ಚಾರ್ಟರ್‌ನ 11(ಇ), ಸರಿಯಾದ ಕಾರಣವಿಲ್ಲದೆ ಜಾಮೀನು ನಿರಾಕರಿಸಬಾರದು ಎಂಬ ವಿಧಿ, ಉಳಿಯುತ್ತದೆ. 2024ರ ಜನವರಿಯಲ್ಲಿ ಜಾರಿಯಾದ ಸಿ-48, ಆಯುಧ ಹಿಡಿದು ಮತ್ತೆಮತ್ತೆ ಹಿಂಸೆಗಿಳಿಯುವವರ ವಿಷಯದಲ್ಲಿ ಹೊಣೆಯನ್ನು ಆಗಲೇ ಆರೋಪಿಯ ಮೇಲೆ ಹೊರಿಸಿದೆ: ಬಿಡಬೇಕು ಏಕೆ ಎಂದು ಅವನೇ ತೋರಿಸಬೇಕು.

ಜಾಮೀನುದಾರರ ಪದ್ಧತಿಯನ್ನು ಊರಿನವರು ಹತ್ತಿರದಿಂದ ನೋಡಬೇಕು. ನಮ್ಮ ಕೋರ್ಟಿನಲ್ಲಿ ಜಾಮೀನು ನಿಲ್ಲಲು ಪಹಣಿ, ಆಧಾರ್, ಫೋಟೊ ಹಿಡಿದು ಬಂದರೆ ಸಾಕು. ಅದರಿಂದಲೇ ಬಾಡಿಗೆ ಜಾಮೀನುದಾರರು, ನಕಲಿ ಪಹಣಿ. ಪೊಲೀಸರು ಆಗಾಗ ಹಿಡಿಯುತ್ತಾರೆ, ಮತ್ತೆ ಹುಟ್ಟುತ್ತಾರೆ. ಇಲ್ಲಿ ಜಾಮೀನುದಾರ ಹಣ ಕಟ್ಟುವುದು ಅಪರೂಪ, ಇಷ್ಟು ಮೊತ್ತಕ್ಕೆ ಹೊಣೆ ಎಂದು ಒಪ್ಪುತ್ತಾನೆ ಅಷ್ಟೇ. ಬದಲಿಗೆ ಪ್ರಾಸಿಕ್ಯೂಟರ್ ಅವನನ್ನೇ ಕಟಕಟೆಯಲ್ಲಿ ಪ್ರಶ್ನಿಸಬಹುದು: ಆರೋಪಿ ಎಲ್ಲಿ ಮಲಗುತ್ತಾನೆ, ನೀವು ಕೆಲಸಕ್ಕೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಷರತ್ತು ಮುರಿದರೆ ಪೊಲೀಸರಿಗೆ ಫೋನ್ ಮಾಡುತ್ತೀರಾ. ಕಾಗದ ತೋರಿಸಿ ನಿಲ್ಲುವುದಕ್ಕೂ ಮನುಷ್ಯನನ್ನು ಕಾಯುತ್ತೇನೆಂದು ನಿಲ್ಲುವುದಕ್ಕೂ ಇರುವ ಅಂತರ ಇದು. ಕಾಯುವುದು ಸೋತಾಗಲೇ ಇಲ್ಲೂ ಅನಾಹುತ. ಷರತ್ತು ಪಾಲನೆಯಾಗುತ್ತಿದೆಯೇ ಎಂದು ಬಾಗಿಲು ತಟ್ಟಿ ನೋಡುವಷ್ಟು ಪೊಲೀಸರಿಲ್ಲ. ಬಿಗಿ ಮಾಡಬೇಕಾದದ್ದು ಅಲ್ಲಿ.

ತೆರಿಗೆಯ ಪ್ರಸ್ತಾಪಕ್ಕೆ ಬೆಲೆ ಬರೆದವರು ಜಾಮೀನು ಬಿಗಿ ಮಾಡುವ ಪ್ರಸ್ತಾಪದ ದೊಡ್ಡ ಖರ್ಚನ್ನು ಬರೆಯಬೇಕಿಲ್ಲ, ಏಕೆಂದರೆ ಆ ಬಿಲ್ಲು ಅವರದ್ದಲ್ಲ. ಕ್ರಿಮಿನಲ್ ಕಾನೂನು ಬರೆಯುವುದು ಒಟ್ಟಾವಾ, ಅಂದರೆ ಕೇಂದ್ರ ಸರ್ಕಾರ. ಜಾಮೀನು ಕೇಳುವ ಜಸ್ಟಿಸ್ ಆಫ್ ದಿ ಪೀಸ್‌ರನ್ನು ನೇಮಿಸುವುದು, ಪ್ರಾಸಿಕ್ಯೂಟರ್‌ಗಳಿಗೆ ಸಂಬಳ ಕೊಡುವುದು, ವಿಚಾರಣಾಧೀನ ಕೈದಿಗಳನ್ನೂ ಎರಡು ವರ್ಷಕ್ಕಿಂತ ಕಡಿಮೆ ಶಿಕ್ಷೆಯವರನ್ನೂ ಇಟ್ಟುಕೊಳ್ಳುವುದು ಪ್ರಾಂತ್ಯಗಳು. ಒಂಟಾರಿಯೊದ ಜೈಲುಗಳಲ್ಲಿ ಈಗಲೇ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಇನ್ನೂ ತೀರ್ಪಾಗದವರು. ಭಾರತದ ಜೈಲುಗಳಲ್ಲೂ ಸುಮಾರು ಮುಕ್ಕಾಲು ಪಾಲು ಹಾಗೆಯೇ. ಈ ಒಂದು ವಿಷಯದಲ್ಲಿ ಒಂಟಾರಿಯೊಗೂ ಭಾರತಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎಂಬುದನ್ನು ಹೊರನಾಡಿನ ನಾವು ಗಮನಿಸುವುದೇ ಇಲ್ಲ.

ಇನ್ನೆರಡು ತೊಡಕುಗಳಿವೆ. 2016ರ ಜೋರ್ಡನ್ ತೀರ್ಪಿನಂತೆ ಪ್ರಾಂತೀಯ ಕೋರ್ಟಿನಲ್ಲಿ 18 ತಿಂಗಳು, ಮೇಲಿನ ಕೋರ್ಟಿನಲ್ಲಿ 30 ತಿಂಗಳು ಮೀರಿ ಎಳೆದರೆ ಕೇಸೇ ಬಿದ್ದುಹೋಗಬಹುದು. ಕನಿಷ್ಠ 10 ವರ್ಷ ಖಚಿತವೆಂದರೆ ಯಾವ ಆರೋಪಿಯೂ ತಪ್ಪೊಪ್ಪಿಕೊಳ್ಳುವುದಿಲ್ಲ, ಎಲ್ಲರೂ ವಿಚಾರಣೆ ಕೇಳುತ್ತಾರೆ, ಕೋರ್ಟು ತುಂಬುತ್ತದೆ, ಗಡಿಯಾರ ನಿಲ್ಲುವುದಿಲ್ಲ. ಎರಡನೆಯದು, ತೀರ್ಪಿಗೆ ಮೊದಲು ಒಳಗಿದ್ದ ಒಂದು ದಿನವನ್ನು ಸಾಮಾನ್ಯವಾಗಿ ಒಂದೂವರೆ ದಿನವೆಂದು ಶಿಕ್ಷೆಯಲ್ಲಿ ಕಳೆಯುತ್ತಾರೆ. ಜಾಮೀನು ಕೊಡದೆ ಎರಡು ವರ್ಷ ಇಟ್ಟರೆ ಶಿಕ್ಷೆಯಲ್ಲಿ ಮೂರು ವರ್ಷ ಕಡಿತ. ಜಡ್ಜುಗಳನ್ನು ಹೆಚ್ಚಿಸದೆ ಜಾಮೀನು ಬಿಗಿ ಮಾಡಿದರೆ ಕೊನೆಗೆ ಶಿಕ್ಷೆಯೇ ಸಣ್ಣದಾಗುತ್ತದೆ.

ಪೊಲಿಯೆವ್ ಹೇಳಿದ್ದರಲ್ಲಿ ಅತ್ಯಂತ ಆತಂಕದ ಮಾತು ಸೆಕ್ಷನ್ 33. ಕ್ವಿಬೆಕ್ ನಗರದ ಮಸೀದಿಯಲ್ಲಿ 2017ರಲ್ಲಿ ಆರು ಜನರನ್ನು ಕೊಂದವನಿಗೆ ಪೆರೋಲ್ ಕೇಳಲು ಇರುವ 25 ವರ್ಷದ ಗಡುವನ್ನು ಕೊಲೆಗೊಂದರಂತೆ ಕೂಡಿಸಬಾರದು, ಅದು ಕ್ರೂರ ಶಿಕ್ಷೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪನ್ನು ಬದಿಗೆ ಸರಿಸಲು ಸೆಕ್ಷನ್ 33 ಬಳಸುತ್ತೇನೆ ಎಂದರು. ಚಾರ್ಟರ್‌ನ ಕೆಲವು ಹಕ್ಕುಗಳನ್ನು ಸಂಸತ್ತು ಐದು ವರ್ಷಕ್ಕೆ ಮೀರಬಹುದು, ಆಮೇಲೆ ಮತ್ತೆ ನವೀಕರಿಸಬಹುದು ಎನ್ನುವ ವಿಧಿ ಅದು. ಕೆಲವು ಪ್ರಾಂತ್ಯಗಳು ಬಳಸಿವೆ, ಒಟ್ಟಾವಾ ಇದುವರೆಗೆ ಬಳಸಿಲ್ಲ. ಆರು ಜೀವ ತೆಗೆದವನ ಪರ ಯಾರಿಗೂ ಮರುಕವಿಲ್ಲ. ಆದರೆ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ತಂದ ಕೇಸಿನಲ್ಲಿ, ಎಷ್ಟೇ ಬಹುಮತವಿದ್ದರೂ ಸಂವಿಧಾನದ ಮೂಲ ಸ್ವರೂಪ ಮುಟ್ಟುವಂತಿಲ್ಲ ಎಂಬ ತೀರ್ಪು 1973ರಲ್ಲೇ ಬಂದ ದೇಶದವರು ನಾವು. ಈ ವಿಷಯದಲ್ಲಿ ನಮ್ಮ ಬೇಲಿ ಇಲ್ಲಿನದಕ್ಕಿಂತ ಗಟ್ಟಿ. ಅದನ್ನು ಒಪ್ಪದೆ ವಿಧಿಯಿಲ್ಲ.

ಒಪ್ಪಬೇಕಾದ್ದು ಇನ್ನೂ ಇದೆ. ಪೊಲಿಯೆವ್ ಪಕ್ಷದ ಪೂರ್ತಿ ಲೆಕ್ಕದ ಪ್ರಣಾಳಿಕೆ ಹೊರಬಂದದ್ದು ಏಪ್ರಿಲ್ 22ಕ್ಕೆ, ಮುಂಗಡ ಮತದಾನ ಮುಗಿದ ಮರುದಿನ. ಅಷ್ಟರಲ್ಲಿ 70 ಲಕ್ಷಕ್ಕೂ ಹೆಚ್ಚು ಜನ ಓಟು ಹಾಕಿಯಾಗಿತ್ತು. ತೆರಿಗೆ ಕಟ್ಟುವ ನಮ್ಮವರಲ್ಲಿ ಪಿಆರ್, ಅಂದರೆ ಪೌರತ್ವವಿಲ್ಲದೆ ಕಾಯಂ ನಿವಾಸದ ಅನುಮತಿ, ಮಾತ್ರ ಇರುವವರಿಗೆ ಆ ಓಟೂ ಇಲ್ಲ. ಭಾರತದ ತೆರಿಗೆ ರಿಬೇಟ್ 12 ಲಕ್ಷ ದಾಟಿದ ಸ್ವಲ್ಪದರಲ್ಲೇ ಕರಗಿ, ತೆರಿಗೆಗೆ ಒಳಪಡುವ ಆದಾಯ 13 ಲಕ್ಷವಾದರೆ ಸೆಸ್ ಬಿಟ್ಟು 75,000 ರೂಪಾಯಿ ಕಟ್ಟಬೇಕಾಗುತ್ತದೆ ಎಂಬುದು ನಿಜ, ಆದರೆ ಆ ರಿಬೇಟಿನ ಲಾಭ ಕೋಟ್ಯಧೀಶರಿಗೆ ಹೋಗುವುದಿಲ್ಲ, ಇಲ್ಲಿನದು ಹೋಗುತ್ತದೆ. ಗ್ಯಾರಂಟಿಗಳ ಮೊತ್ತವೂ ತಡವಾಗಿಯಾದರೂ ಅಚ್ಚಾಗಿದೆ, 2025-26ರ ರಾಜ್ಯ ಬಜೆಟ್‌ನಲ್ಲಿ 51,034 ಕೋಟಿ ರೂಪಾಯಿ. ದೇಶದಲ್ಲಿ ಮೊದಲು ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದದ್ದೂ ಕರ್ನಾಟಕವೇ, 2002ರಲ್ಲಿ. ಆ ಕಾಯ್ದೆಯಡಿ ವರ್ಷವರ್ಷವೂ ಮಧ್ಯಮಾವಧಿ ವಿತ್ತೀಯ ಯೋಜನೆ ಸಿದ್ಧಪಡಿಸುವ ಅಧಿಕಾರಿಗಳು ವಿಧಾನಸೌಧದಲ್ಲಿ ಈಗಲೂ ಇದ್ದಾರೆ. 2028ರ ಚುನಾವಣೆಗೆ ಮೊದಲು ಯಾವ ಪಕ್ಷ ಕೇಳಿದರೂ ಅದರ ಭರವಸೆಗೆ ಖರ್ಚಿನ ಅಂದಾಜು ಮಾಡಿಕೊಡುವ ಕೆಲಸವನ್ನು ಅವರಿಗೆ ವಹಿಸಲು ಕಾಯ್ದೆಗೆ ಒಂದು ತಿದ್ದುಪಡಿ ಸಾಕು.