ಮಗ್ಗದ ಜೊತೆ ಬಣ್ಣದ ಹಂಡೆಯನ್ನೂ ನೆನೆಯೋಣ

ಗದಗ-ಬೆಟಗೇರಿಯ ನೇಕಾರಿಕೆ ಬಗ್ಗೆ ಯಾರೇ ಬರೆಯಲಿ, ಜೊತೆಗೆ ಹಾಕುವುದು ಮಗ್ಗದ ಫೋಟೋ. ಆಗಸ್ಟ್ 7ರ ಕೈಮಗ್ಗ ದಿನಕ್ಕೂ ಮಗ್ಗಕ್ಕೇ ಪೂಜೆ. ಮಗ್ಗಕ್ಕೆ ಆ ಗೌರವ ಸಲ್ಲಲೇಬೇಕು. ಆದರೆ ಸೀರೆಯ ಅರ್ಧ ಕೆಲಸ ಮಗ್ಗಕ್ಕೆ ಬರುವ ಮೊದಲೇ ಮುಗಿದಿರುತ್ತದೆ, ಹಂಡೆಯಲ್ಲಿ. ನಮ್ಮ ಸೀಮೆಯಲ್ಲಿ ಮಗ್ಗ ಇನ್ನೂ ಉಸಿರಾಡುತ್ತಿದೆ. ಗಿಡ, ತೊಗಟೆ, ಸಿಪ್ಪೆಯ ಬಣ್ಣ ಮಾತ್ರ ಎಂದೋ ಕೈಬಿಟ್ಟುಹೋಗಿದೆ. ಅದನ್ನು ಮರಳಿ ತರಬೇಕು ಅನ್ನುವವರು ಮೊದಲು ತಿಳಿಯಬೇಕಾದ್ದು ಒಂದೇ: ನಮ್ಮದು ಬಟ್ಟೆಗೆ ಬಣ್ಣ ಹಾಕುವ ಊರಲ್ಲ, ನೂಲಿಗೆ ಬಣ್ಣ ಹಾಕುವ ಊರು.

ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆ ನೋಡಿ. ಒಡಲಲ್ಲಿ ಸಣ್ಣ ಚೌಕಳಿ, ಅಂಚಿಗೆ ಬೇರೆ ಬಣ್ಣ, ಯಾವ ಮಗ್ಗುಲಾದರೂ ಉಡಬಹುದು. ನೇಯ್ದ ಮೇಲೆ ಬಣ್ಣದಲ್ಲಿ ಅದ್ದಿದರೆ ಚೌಕಳಿ ಎಲ್ಲಿಂದ ಬಂದೀತು? ಹಾಸಿನ (ಉದ್ದದ) ನೂಲು, ಹೊಕ್ಕಿನ (ಅಡ್ಡದ) ನೂಲು, ಅಂಚಿನ ನೂಲು ಮೂರಕ್ಕೂ ಮೊದಲೇ ಬೇರೆ ಬೇರೆ ಬಣ್ಣ ಹಿಡಿಸಿರಬೇಕು. ಈಗಿನ ನೈಸರ್ಗಿಕ ಬಣ್ಣದ ಕಾರ್ಯಾಗಾರಗಳಲ್ಲಿ ಹೆಚ್ಚಾಗಿ ಕಲಿಸುವುದು ದುಪಟ್ಟಾ ಅದ್ದುವುದು, ಎಲೆಯ ಅಚ್ಚು ಒತ್ತುವುದು. ಚೆಂದದ ಕೆಲಸವೇ. ಆದರೆ ದುಪಟ್ಟಾದ ಮೇಲೆ ಬಣ್ಣ ಹೆಚ್ಚುಕಡಿಮೆಯಾದರೆ ಅದೇ ವಿನ್ಯಾಸ ಅನ್ನಿಸಿಕೊಳ್ಳುತ್ತದೆ. ಲಡಿಯಲ್ಲಿ, ಅಂದರೆ ಸುತ್ತಿಟ್ಟ ನೂಲಿನ ಕಟ್ಟಿನಲ್ಲಿ, ಹೆಚ್ಚುಕಡಿಮೆಯಾದರೆ ಸೀರೆಯ ಉದ್ದಕ್ಕೂ ಬೇಡದ ಪಟ್ಟೆ ಬೀಳುತ್ತದೆ.

ಕೈಮಗ್ಗದ ಹತ್ತಿ ನೂಲು ಬರುವುದು 10 ಪೌಂಡಿನ ಕಟ್ಟಿನಲ್ಲಿ, ಅಂದರೆ ನಾಲ್ಕೂವರೆ ಕೆ.ಜಿ. ಚಿಲ್ಲರೆ. 840 ಗಜಕ್ಕೆ ಒಂದು ಲಡಿ ಎಂದು ಲೆಕ್ಕ. ಒಂದು ಪೌಂಡಿಗೆ ಎಷ್ಟು ಲಡಿ ಬರುತ್ತವೋ ಅದೇ ಆ ನೂಲಿನ ನಂಬರು. 40 ನಂಬರಿನ ನೂಲೆಂದರೆ ಪೌಂಡಿಗೆ 40 ಲಡಿ. ಮುಂದಿನ ಲೆಕ್ಕಕ್ಕೆ ಸಲೀಸಾಗಲೆಂದು 5 ಕೆ.ಜಿ. ನೂಲು ಎಂದಿಟ್ಟುಕೊಳ್ಳೋಣ.

ಮೊದಲ ಕೆಲಸ ಕುದಿಸುವುದು. ಹಸಿ ನೂಲಿನ ಮೇಲೆ ಹತ್ತಿಯದೇ ಮೇಣ ಇರುತ್ತದೆ. 100 ಲೀಟರ್ ನೀರಿಗೆ 100ರಿಂದ 150 ಗ್ರಾಂ ವಾಷಿಂಗ್ ಸೋಡಾ, ಒಂದಿಷ್ಟು ಸೋಪು ಹಾಕಿ ಎರಡು ತಾಸು ಕುದಿಸಬೇಕು. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಪರೀಕ್ಷೆ ಸುಲಭ: ತೊಳೆದು ಒಣಗಿಸಿದ ನೂಲಿನ ಒಂದು ತುಣುಕನ್ನು ನೀರಿನ ಮೇಲೆ ಬಿಡಿ. ಥಟ್ಟನೆ ಮುಳುಗಬೇಕು. ತೇಲಿದರೆ ಮೇಣ ಉಳಿದಿದೆ ಎಂದರ್ಥ, ಮತ್ತೆ ಕುದಿಸಿ. ಮುಂದೆ ಬರುವ ಕಲೆ, ತೇಪೆಗಳಲ್ಲಿ ಬಹುಪಾಲು ಇಲ್ಲೇ ಹುಟ್ಟಿರುತ್ತವೆ. ಲಡಿಗೆ ಕಟ್ಟುವ ದಾರವನ್ನು ಎಂಟಂಕಿಯ ಆಕಾರದಲ್ಲಿ, ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಬೇಕು. ಬಿಗಿಯಾಗಿ ಕಟ್ಟಿದರೆ ಅಲ್ಲಿ ಬಣ್ಣ ಇಳಿಯದೆ ಬಿಳಿ ಚುಕ್ಕೆ ಉಳಿಯುತ್ತದೆ. ಸೀರೆಯಲ್ಲಿ ಅದು ಮತ್ತೆ ಮತ್ತೆ ಇಣುಕುತ್ತದೆ.

ಎರಡನೆಯದು ಅಳಲೆಕಾಯಿ. ಉಣ್ಣೆ, ರೇಷ್ಮೆ ಪ್ರಾಣಿಜನ್ಯ. ಬಣ್ಣವನ್ನು ನೂಲಿಗೆ ಕಚ್ಚಿಸುವ ಪಟಿಕವನ್ನು (ಆಲಂ) ನೇರವಾಗಿ ಹಿಡಿದುಕೊಳ್ಳುತ್ತವೆ. ಹತ್ತಿಗೆ ಆ ಹಿಡಿತವಿಲ್ಲ. ನಡುವೆ ಒಗರು, ಅಂದರೆ ಟ್ಯಾನಿನ್ ಬೇಕು. 5 ಕೆ.ಜಿ. ನೂಲಿಗೆ ಒಂದು ಕೆ.ಜಿ. ಅಳಲೆಕಾಯಿ ಪುಡಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಆ ನೀರಿನಲ್ಲಿ ನೂಲನ್ನು ಐದಾರು ತಾಸು ಬಿಡಬೇಕು. ಹಿಂಡಿ, ತೊಳೆಯದೆ, ನೆರಳಲ್ಲಿ ಒಣಗಿಸಬೇಕು. ಅಳಲೆಕಾಯಿ ಸಿಗದಿದ್ದರೆ ನಮ್ಮ ಎರೆಹೊಲಗಳ ಬದುವಿನಲ್ಲಿರುವ ಕರಿಜಾಲಿಯ ಕಾಯಿಯೂ ಆದೀತು, ಬಣ್ಣ ಮಾತ್ರ ಸ್ವಲ್ಪ ಕಂದಿಗೆ ತಿರುಗುತ್ತದೆ.

ಅದರ ಮೇಲೆ ಪಟಿಕ, 750 ಗ್ರಾಂ. ಬಿಸಿನೀರಲ್ಲಿ ಕರಗಿಸಿ, 100 ಗ್ರಾಂ ವಾಷಿಂಗ್ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸಿ. ನೊರೆ ಉಕ್ಕುತ್ತದೆ, ಇಳಿಯಲು ಬಿಡಿ. ಪಟಿಕದ ಹುಳಿ ತಗ್ಗಿದರೆ ನೂಲಿಗೆ ಚೆನ್ನಾಗಿ ಅಂಟುತ್ತದೆ. ಅದರಲ್ಲಿ ನೂಲು ಒಂದು ರಾತ್ರಿ ನೆನೆಯಲಿ. ಪಟಿಕದ ಹರಳು ಕೆಂಪುಛಾಯೆ ಇದ್ದರೆ ತರಬೇಡಿ. ಅದರಲ್ಲಿ ಕಬ್ಬಿಣದ ಅಂಶವಿದ್ದು ಹಳದಿಯನ್ನು ಮಂಕು ಮಾಡುತ್ತದೆ. ಕಬ್ಬಿಣದ ಹಂಡೆಯೂ ಅದೇ ಕಾರಣಕ್ಕೆ ಬೇಡ. ಸ್ಟೀಲಿನದು ಬೇಕು.

ಆಮೇಲೆ ಬಣ್ಣ. ಒಣಗಿದ ದಾಳಿಂಬೆ ಸಿಪ್ಪೆ ಎರಡರಿಂದ ಎರಡೂವರೆ ಕೆ.ಜಿ., ರಾತ್ರಿ ನೆನೆಸಿ ಒಂದು ತಾಸು ಕುದಿಸಿ ಸೋಸಬೇಕು. ನೂಲನ್ನು ಕುದಿಯುವ ನೀರಿಗೆ ಎಂದೂ ಹಾಕಬಾರದು. ಉಗುರುಬೆಚ್ಚಗಿರುವಾಗ ಇಳಿಸಿ, ನಿಧಾನಕ್ಕೆ 65 ಡಿಗ್ರಿಗೆ ಏರಿಸಿ, ಲಡಿಗಳನ್ನು ಕೋಲಿನ ಮೇಲೆ ಬಿಡುವಿಲ್ಲದೆ ತಿರುಗಿಸುತ್ತಾ ಮುಕ್ಕಾಲು ತಾಸು. ಮೊದಲ ಹತ್ತು ನಿಮಿಷ ಕೈ ನಿಂತರೆ ಮುಗಿಯಿತು, ಆಗ ಬಿದ್ದ ತೇಪೆ ಮುಂದೆ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಬರುವುದು ಗಟ್ಟಿ ಹಳದಿ. ಅದೇ ನೂಲನ್ನು 50 ಗ್ರಾಂ ಅನ್ನಭೇದಿ (ಕಬ್ಬಿಣದ ಉಪ್ಪು) ಕರಗಿಸಿದ ನೀರಲ್ಲಿ ಕೆಲ ನಿಮಿಷ ಆಡಿಸಿದರೆ ಪಾಚಿ ಹಸಿರು. ಗಾಢ ಬಣ್ಣದ ಆಸೆಗೆ ಅನ್ನಭೇದಿ ಹೆಚ್ಚಿಸುವವರಿದ್ದಾರೆ. ಕಬ್ಬಿಣ ಹೆಚ್ಚಾದರೆ ಹತ್ತಿಯ ಎಳೆ ದಿನ ಕಳೆದಂತೆ ಲಡ್ಡಾಗುತ್ತದೆ. ಹಾಸಿನಲ್ಲಿ ಪಟಪಟ ಹರಿಯುತ್ತದೆ.

ಕೆಂಪಿಗೆ ಮಂಜಿಷ್ಠದ ಬೇರು. ಇಲ್ಲಿ ನಮ್ಮ ಬೋರ್‌ವೆಲ್ಲಿನ ಗಡಸು ನೀರು ವರವೇ ಆಗುತ್ತದೆ. ಸೋಪಿನ ನೊರೆ ಏಳಗೊಡದ ಆ ಸುಣ್ಣದಂಶವೇ ಮಂಜಿಷ್ಠದ ಕೆಂಪನ್ನು ಗಟ್ಟಿ ಮಾಡುವುದು. ಹಳದಿಗೆ ಮಾತ್ರ ತುಂಗಭದ್ರೆಯ ನಲ್ಲಿ ನೀರು ಅಥವಾ ಮಳೆನೀರು ಒಳ್ಳೆಯದು. ಮಂಜಿಷ್ಠವನ್ನು 70 ಡಿಗ್ರಿ ದಾಟಿಸಬೇಡಿ, ಬೇರಿನೊಳಗಿನ ಕಂದು ಬಣ್ಣ ಹೊರಬಿದ್ದು ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ.

ನೀಲಿಯ ದಾರಿಯೇ ಬೇರೆ. ಅದಕ್ಕೆ ಪಟಿಕವೂ ಬೇಡ, ಅಳಲೆಯೂ ಬೇಡ. ನೀಲಿ (ಇಂಡಿಗೋ) ನೀರಲ್ಲಿ ಕರಗುವುದಿಲ್ಲ, ಅದನ್ನು ಹುದುಗಿಸಿ ಕರಗಿಸಬೇಕು. ನೀಲಿ ಒಂದು ಪಾಲು, ಸುಣ್ಣ ಎರಡು, ಬೆಲ್ಲ ಮೂರು. ದಕ್ಷಿಣದ ಹಳೆಯ ಪದ್ಧತಿಯಲ್ಲಿ ಬೆಲ್ಲದ ಬದಲು ತಗಚೆ ಬೀಜ ಬೇಯಿಸಿ ಹಾಕುತ್ತಿದ್ದರು. ಹದ ಬಂದ ಹರವಿಯ (ಮಣ್ಣಿನ ಗಡಿಗೆಯ) ನೀರು ಹಳದಿ-ಹಸಿರು, ಮೇಲೆ ತಾಮ್ರದ ಹೊಳಪಿನ ಪೊರೆ. ನೀರೂ ನೀಲಿಯಾಗೇ ಕಂಡರೆ ಹದ ಬಂದಿಲ್ಲ, ಚಳಿಗಾಲದಲ್ಲಿ ಇದು ಹೆಚ್ಚು, ಹರವಿಯನ್ನು ಬೆಚ್ಚಗಿಡಬೇಕು. ಅದ್ದಿ ತೆಗೆದ ಲಡಿ ಹಸಿರಾಗಿರುತ್ತದೆ, ಗಾಳಿ ತಾಗಿದಂತೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಒಂದೇ ಸಲಕ್ಕೆ ಗಾಢ ಮಾಡಲು ಹೋದರೆ ಬಣ್ಣ ಮೇಲೆಯೇ ಕೂತು, ಉಟ್ಟವರ ಮೈಗೆ ಹತ್ತುತ್ತದೆ. ತೆಳು ಹರವಿಯಲ್ಲಿ ಐದು, ಆರು, ಎಂಟು ಸಲ ಅದ್ದಬೇಕು, ಪ್ರತಿ ಸಲ ಕಾಲು ತಾಸು ಗಾಳಿಗೆ ಹಿಡಿಯಬೇಕು. ಧಾರವಾಡದ ಕಸೂತಿ ಎದ್ದು ಕಾಣುವ ಚಂದ್ರಕಾಳಿ ಸೀರೆಯಂಥ ಕಪ್ಪು ಬೇಕೆಂದರೆ, ಮೊದಲು ಗಾಢ ನೀಲಿ, ಅದರ ಮೇಲೆ ಅಳಲೆ, ಅದರ ಮೇಲೆ ಕಬ್ಬಿಣ. ಬರೀ ಅಳಲೆ-ಕಬ್ಬಿಣದಿಂದ ಬರುವುದು ಬೂದುಗಪ್ಪು.

1869ರ ಸುಮಾರಿಗೆ ಮಂಜಿಷ್ಠದ ಜಾತಿಯ ಬೇರಿನ ಕೆಂಪು, 1897ರಲ್ಲಿ ನೀಲಿ ಯುರೋಪಿನ ಕಾರ್ಖಾನೆಗಳಿಂದ ಕೃತಕವಾಗಿ ಮಾರುಕಟ್ಟೆಯ ದಾರಿ ಹಿಡಿದವು. ಮೇಲೆ ಹೇಳಿದ ಇಷ್ಟು ದಿನಗಳ ಕೆಲಸ ಕೆಲವು ತಾಸಿಗೆ ಇಳಿಯಿತು. ಆ ಕಾಲದ ಬಣ್ಣಗಾರರು ಅದನ್ನು ಒಪ್ಪಿಕೊಂಡದ್ದರಲ್ಲಿ ತಪ್ಪು ಹುಡುಕುವುದು ನ್ಯಾಯವಲ್ಲ.

ಈಗ ಮತ್ತೆ ಶುರುಮಾಡುವವರು ಸೀರೆಯ ಹಾಸಿನಿಂದ ಶುರುಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನವಲಗುಂದದ ಜಮಖಾನದಿಂದ ಶುರುಮಾಡಲಿ. ಅಲ್ಲಿ ಹಾಸು ಮುಚ್ಚಿಹೋಗುತ್ತದೆ, ಕಾಣುವುದು ದಪ್ಪ ಹೊಕ್ಕು ಮಾತ್ರ. ಒಂದು ಹಂಡೆಗೂ ಇನ್ನೊಂದು ಹಂಡೆಗೂ ಛಾಯೆ ತುಸು ಬದಲಾದರೂ ನವಿಲು, ಪಗಡೆಹಾಸಿನ ವಿನ್ಯಾಸದೊಳಗೆ ಸೇರಿಹೋಗುತ್ತದೆ. ಅಲ್ಲಿ ಕೈ ಪಳಗಿದ ಮೇಲೆ ಸೀರೆಯ ಹೊಕ್ಕು, ಕೊನೆಗೆ ಹಾಸು. ಒಂದು ಹಾಸಿನಲ್ಲಿ ಸೇರುವ ನೂಲಷ್ಟೂ ಒಂದೇ ಹಂಡೆಯಲ್ಲಿ ಬೇಯಬೇಕು. ಹೊಕ್ಕಿಗೆ ಎರಡು ಹಂಡೆಯ ನೂಲು ಬಳಸಲೇಬೇಕಾದರೆ ಎರಡು ಲಾಳಿ ಇಟ್ಟುಕೊಂಡು ಎರಡೆರಡು ಎಳೆಗೆ ಬದಲಿಸಿ ನೇಯ್ದರೆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಬಣ್ಣದ ಸಾಮಾನಿಗೆ ಕಪ್ಪತಗುಡ್ಡಕ್ಕೆ ಕುಡುಗೋಲು ಹಿಡಿದು ಹೋಗಬೇಡಿ. 2019ರಿಂದ ಅದು ವನ್ಯಜೀವಿ ಧಾಮ. ಬೇರು ಕಿತ್ತರೆ ಗಿಡವೇ ಹೋಗುತ್ತದೆ. ಹುಬ್ಬಳ್ಳಿಯ ಜ್ಯೂಸ್ ಅಂಗಡಿಗಳಲ್ಲಿ ದಾಳಿಂಬೆ ಸಿಪ್ಪೆ, ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಸಿಪ್ಪೆ, ಗುಡಿಗಳಲ್ಲಿ ಬಾಡಿದ ಚೆಂಡುಹೂವು ಕಸಕ್ಕೆ ಹೋಗುತ್ತಿವೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ನೋಡಿ ಆಸೆಪಡುವವರೂ ಇದ್ದಾರೆ. ಅದು ಎಣ್ಣೆಯಲ್ಲಿ ಕರಗುವ ಬಣ್ಣ, ಹತ್ತಿಗೆ ನಿಲ್ಲುವುದಿಲ್ಲ. ಅರಿಷಿಣವೂ ಬಿಸಿಲಿಗೆ ಬೇಗ ಹಾರುತ್ತದೆ. ಅರಿಷಿಣದ ಬಣ್ಣದ ಸೀರೆಯನ್ನು ಪಕ್ಕಾ ಬಣ್ಣ ಎಂದು ಮಾರಿದರೆ ಅದು ಗಿರಾಕಿಗೆ ಮಾಡುವ ಮೋಸ.

ಬೆಟಗೇರಿಗೆ ಬೇಕಾದ್ದು ನೇಕಾರರೆಲ್ಲರಿಗೂ ಸೇರಿದ ಒಂದು ಬಣ್ಣದ ಮನೆ. 150 ಲೀಟರಿನ ಮೂರು ಸ್ಟೀಲ್ ಹಂಡೆ, ನೆಲದಲ್ಲಿ ಹೂತ ಎರಡು ನೀಲಿ ಹರವಿ, ತೂಕದ ಯಂತ್ರ, ಥರ್ಮಾಮೀಟರ್, ನೆರಳಿನಲ್ಲಿ ಉದ್ದನೆಯ ಗಳ. 5 ಕೆ.ಜಿ. ನೂಲಿಗೆ ಕುದಿಸಲು, ತೊಳೆಯಲು, ಬಣ್ಣಕ್ಕೆ ಸೇರಿ 500-600 ಲೀಟರ್ ನೀರು ಬೇಕಾಗುವುದರಿಂದ ಮಳೆನೀರಿನ ತೊಟ್ಟಿಯೂ ಬೇಕು. ಪಟಿಕದ ನೀರನ್ನು ಚೆಲ್ಲದೆ, ಮುಂದಿನ ಸಲಕ್ಕೆ ಅರ್ಧ ಪಟಿಕ ಸೇರಿಸಿ ಮತ್ತೆ ಬಳಸಬಹುದು. ಅನ್ನಭೇದಿಯ ನೀರನ್ನು ಬೇರೆ ಹಂಡೆಗೆ ತಾಗಗೊಡಬಾರದು. ಮತ್ತೆ ಒಂದು ದಪ್ಪ ಪುಸ್ತಕ ಇರಲಿ: ಪ್ರತಿ ಹಂಡೆಯ ತಾರೀಖು, ನೀರು ಎಲ್ಲಿಯದು, ಯಾವುದು ಎಷ್ಟು ಗ್ರಾಂ, ಎಷ್ಟು ಹೊತ್ತು ಎಂದು ಬರೆದು, ಪಕ್ಕದಲ್ಲಿ ಅದೇ ಹಂಡೆಯಿಂದ ತೆಗೆದ ಗೇಣುದ್ದ ನೂಲು ಹೊಲಿದಿಡಬೇಕು.