ಜಿಂಕ್ ಆಕ್ಸೈಡ್, ನುಗ್ಗೆ ಸೊಪ್ಪು ಮತ್ತು ಶೇಕಡಾ ಹತ್ತು

ನಮ್ಮ ಭೌತಶಾಸ್ತ್ರ ವಿಭಾಗಗಳಲ್ಲಿ ಜಿಂಕ್ ಆಕ್ಸೈಡ್ ಎಂಬ ಅತಿ ಸಣ್ಣ (ನ್ಯಾನೊ) ಕಣಗಳ ಪುಡಿಗೆ ಇರುವಷ್ಟು ಕೆಲಸ ಅಲ್ಲಿನ ಪ್ರೊಫೆಸರುಗಳಿಗೂ ಇಲ್ಲ. ಒಬ್ಬರು ಅದಕ್ಕೆ ಕೋಬಾಲ್ಟ್ ಬೆರೆಸಿ ಪಿಎಚ್‌ಡಿ ಪಡೆದು ಡಾಕ್ಟರ್ ಆದರು. ಅವರ ಹಿಂದೆ ಬಂದವರು ನಿಕಲ್ ಬೆರೆಸಿದರು. ಈಗ ಸೇರಿದ ಹುಡುಗನ ಪಾಲಿಗೆ ಮ್ಯಾಂಗನೀಸ್ ಬಂದಿದೆ. ಒಟ್ಟು 118 ಧಾತುಗಳಿವೆ, ಸದ್ಯಕ್ಕೆ ಯಾರೂ ಗಾಬರಿಯಾಗಬೇಕಿಲ್ಲ. ಅದೂ ಮುಗಿದರೆ ಹಸಿರು ವಿಧಾನ ಇದ್ದೇ ಇದೆ. ಅದೇ ಪುಡಿಯನ್ನು ನುಗ್ಗೆ ಸೊಪ್ಪಿನ ರಸ ಹಾಕಿ ಮಾಡುವುದು. ನುಗ್ಗೆ ಆದಮೇಲೆ ತುಳಸಿ, ತುಳಸಿ ಆದಮೇಲೆ ಬೇವು. ಅಜ್ಜಿಯ ಹಿತ್ತಲು ಇರುವ ತನಕ ನಮ್ಮ ಸಂಶೋಧನೆಗೆ ಬರಗಾಲ ಇಲ್ಲ.

ಹಾಗಂತ ಡಿಗ್ರಿ ಸುಮ್ನೆ ಬರುತ್ತದೆ ಅಂದುಕೊಳ್ಳಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ. ಪುಡಿ ಒಳಗೆ ಏನಿದೆ ಅಂತ ನೋಡಲು ಎಕ್ಸ್‌ಆರ್‌ಡಿ ಎಂಬ ಎಕ್ಸ್-ರೇ ಯಂತ್ರ ಬೇಕು. ಯಂತ್ರ ಬೇರೆ ಊರಿನಲ್ಲಿರುತ್ತದೆ. ನಮ್ಮಲ್ಲೇ ಇದ್ದರೆ ಕೆಟ್ಟಿರುತ್ತದೆ. ಹಾಗಾಗಿ ಪುಡಿ ಕೊರಿಯರ್‌ನಲ್ಲಿ ಹೋಗುತ್ತದೆ. ಮೊದಲ ವರದಿ: 'ಸ್ಯಾಂಪಲ್ ಕಳಿಸಲಾಗಿದೆ.' ಎರಡನೇ ವರದಿ: 'ಫಲಿತಾಂಶ ಬರಬೇಕಿದೆ.' ಎರಡಕ್ಕೂ ಸಮಿತಿಯ ಷರಾ ಒಂದೇ: 'ಪ್ರಗತಿ ತೃಪ್ತಿಕರ.' ತೃಪ್ತಿ ಯಾರಿಗೆ ಎಂದು ಬರೆಯಲು ಆ ಫಾರಂನಲ್ಲಿ ಜಾಗ ಇಲ್ಲ.

ಕೋರ್ಸ್‌ವರ್ಕ್‌ನಲ್ಲಿ ಸಂಶೋಧನಾ ನೈತಿಕತೆಗೂ 2 ಕ್ರೆಡಿಟ್ ಇದೆ. ನೈತಿಕತೆ ಪಾಸಾದ ಹುಡುಗ ಥೀಸಿಸ್ ಬರೆದು ಲೈಬ್ರರಿಗೆ ಒಯ್ಯುತ್ತಾನೆ. ಅಲ್ಲಿ ಸಾಫ್ಟ್‌ವೇರ್ ಅದನ್ನು ಓದಿ ಹೋಲಿಕೆ ಎಷ್ಟು ಅಂತ ಹೇಳುತ್ತದೆ. ಶೇಕಡಾ 10ರ ಒಳಗಿದ್ದರೆ ಬಚಾವ್. ಅವನದು 27. ತಪ್ಪು ಯಾರದು? ನ್ಯಾನೊ ಥೀಸಿಸ್ ಅಂದಮೇಲೆ ಮೊದಲ ಅಧ್ಯಾಯ ನ್ಯಾನೊಗೆ ನಾಂದಿ ಹಾಡಿತು ಎನ್ನುವ ಭೌತವಿಜ್ಞಾನಿ ಫೈನ್ಮನ್‌ರ 1959ರ ಭಾಷಣದಿಂದಲೇ ಶುರುವಾಗಬೇಕು. ಕಣದ ಗಾತ್ರ ಲೆಕ್ಕ ಹಾಕಲು 1918ರ ಶೆರರ್ ಸೂತ್ರವೇ ಬೇಕು. ಎಲ್ಲರೂ ಅದನ್ನೇ ಬರೆಯುತ್ತಾರೆ, ಬರೆಯಲೇಬೇಕು. ಪಾಪ, ಯುಜಿಸಿಗೂ ಇದು ಗೊತ್ತು. ನಿಯಮಗಳು, ಚಿಹ್ನೆಗಳು, ಪ್ರಮಾಣಿತ ಸಮೀಕರಣಗಳನ್ನು ಲೆಕ್ಕಕ್ಕೆ ತಗೋಬೇಡಿ ಎಂದು 2018ರ ನಿಯಮದಲ್ಲೇ ಬರೆದಿದ್ದಾರೆ. ಆದರೆ ಕೌಂಟರಿನಲ್ಲಿ ಕೂತವರಿಗೆ ಕಾಣುವುದು ನಿಯಮ ಅಲ್ಲ, ಪ್ರಿಂಟೌಟಿನ ಮೇಲಿನ ಕೆಂಪು ಅಂಕಿ.

"ನೋಡಪ್ಪಾ, ವಾಕ್ಯ ಸ್ವಲ್ಪ ತಿರುಗಿಸಿ ಬರಿ," ಅಂದರು ಗೈಡು.

"ವಾಕ್ಯ ತಿರುಗಿಸ್ತೀನಿ ಸರ್. ಸೂತ್ರ ಹೇಗೆ ತಿರುಗಿಸೋದು?"

"ಫೋಟೋ ಮಾಡಿ ಅಂಟಿಸು. ಅದಕ್ಕೆ ಫೋಟೋ ಓದೋಕೆ ಬರಲ್ಲ."

ಥೀಸಿಸ್ ಈಗ ಶೇಕಡಾ 9. ಎರಡು ಕ್ರೆಡಿಟ್ ನೈತಿಕತೆಯಲ್ಲಿ ಇಷ್ಟು ಪ್ರಾಕ್ಟಿಕಲ್ ಪಾಠ ಇರಲಿಲ್ಲ.

ಪೇಪರ್ ಪ್ರಕಟಣೆಯ ಕಥೆ ಇನ್ನೊಂದು. 2009ರಲ್ಲಿ ಅದು ಕಡ್ಡಾಯ ಆಯಿತು. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳಿಗೆ ಹಬ್ಬವೋ ಹಬ್ಬ. ಯುಜಿಸಿ ಒಪ್ಪಿಗೆ ಇರುವ ಜರ್ನಲ್‌ಗಳ ಒಂದು ಪಟ್ಟಿ ಮಾಡಿತು. 2018ರಲ್ಲಿ ಆ ಪಟ್ಟಿಯಿಂದಲೇ ನಾಲ್ಕು ಸಾವಿರಕ್ಕೂ ಜಾಸ್ತಿ ಜರ್ನಲ್‌ಗಳನ್ನು ತೆಗೆದು ಹಾಕಿತು. ಆಮೇಲೆ ಕೇರ್ ಅಂತ ಹೊಸ ಪಟ್ಟಿ. 2025ರಲ್ಲಿ ಅದನ್ನೂ ಕೈಬಿಟ್ಟರು. ಅಷ್ಟರಲ್ಲಿ 2022ರ ನಿಯಮ ಬಂದು ಪ್ರಕಟಣೆಯೇ ಕಡ್ಡಾಯ ಅಲ್ಲ ಅಂದಿತ್ತು. ಆದರೂ ಪೇಪರ್ ಎಲ್ಲಿ ಎಂದು ಕೇಳುವವರು ಇನ್ನೂ ಕೇಳುತ್ತಲೇ ಇದ್ದಾರೆ. ಅಭ್ಯಾಸ ಅಷ್ಟು ಬೇಗ ಬಿಡುತ್ತಾ?

ಐನ್‌ಸ್ಟೈನ್ 1905ರಲ್ಲಿ ಜ್ಯೂರಿಕ್‌ಗೆ ಕೊಟ್ಟ ಥೀಸಿಸ್ 30 ಪುಟ ಕೂಡ ದಾಟಿರಲಿಲ್ಲ. ವಿಷಯ ಸಕ್ಕರೆ ನೀರು. ಅದು ಎಷ್ಟು ಮಂದ ಆಗುತ್ತದೆ ಎನ್ನುವುದರ ಮೇಲೆ ಅಣುವಿನ ಗಾತ್ರ ಹೇಳಿದ್ದ. ಲೆಕ್ಕದಲ್ಲಿ ಒಂದು ತಪ್ಪೂ ಇತ್ತು. ನಮ್ಮಲ್ಲಾಗಿದ್ದರೆ ಗೈಡ್ ತನಕ ಹೋಗುವುದೇ ಬೇಡ, ಬೈಂಡಿಂಗ್ ಅಂಗಡಿಯವನೇ "ಇಷ್ಟಕ್ಕೆಲ್ಲ ರೆಕ್ಸಿನ್ ಹಾಕಲ್ಲ ಸಾರ್" ಅಂತ ವಾಪಸ್ ಕೊಡುತ್ತಿದ್ದ.

ಕೊನೆಗೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ಇದಕ್ಕೆ ಅಭ್ಯರ್ಥಿ ನಿಜಕ್ಕೂ ತಲೆ ಕೆಡಿಸಿಕೊಳ್ಳುತ್ತಾನೆ. ಹೊರಗಿನ ಪರೀಕ್ಷಕರಿಗೆ ಕಾರು, ಎಸಿ ರೂಮು, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಊಟಕ್ಕೆ ಹೋಳಿಗೆಯೋ ಮೈಸೂರು ಪಾಕೋ ಎಂಬ ವಿಚಾರದಲ್ಲಿ ಗೈಡ್ ಜೊತೆ ಮೂರು ಸಲ ಚರ್ಚೆ ಆಗುತ್ತದೆ. ಥೀಸಿಸ್ ಬಗ್ಗೆ ಅಷ್ಟು ಚರ್ಚೆ ಆಗಿದ್ದನ್ನು ಯಾರೂ ಕಂಡಿಲ್ಲ. ಪರೀಕ್ಷಕರಿಗೆ ಸಂಜೆ ಟ್ರೈನ್ ಇರುತ್ತದೆ. ಅವರದು ಒಂದೇ ಪ್ರಶ್ನೆ: "ಇದರಿಂದ ಏನಪ್ಪಾ ಉಪಯೋಗ?" ಉತ್ತರವೂ ಸಿದ್ಧ: "ಸೋಲಾರ್ ಸೆಲ್, ಗ್ಯಾಸ್ ಸೆನ್ಸರ್, ಕ್ಯಾನ್ಸರ್ ಚಿಕಿತ್ಸೆ ಸರ್." ಮೂರಕ್ಕೂ ಅದೇ ಪುಡಿ. ಚಪ್ಪಾಳೆ. ಥೀಸಿಸ್ ದೇಶದ ಥೀಸಿಸ್‌ಗಳನ್ನು ಇಡುವ ಶೋಧಗಂಗಾ ಜಾಲತಾಣಕ್ಕೆ ಏರುತ್ತದೆ, ಮುಂದೆ ಬರುವ ಹುಡುಗನ ಹೋಲಿಕೆ ಇನ್ನಷ್ಟು ಏರಿಸಲು.

ಹೊಸ ಡಾಕ್ಟರು ಅಸಿಸ್ಟೆಂಟ್ ಪ್ರೊಫೆಸರ್ ಕೆಲಸಕ್ಕೆ ಅರ್ಜಿ ಹಾಕಲು ಹೊರಟರು. 2023ರ ಜುಲೈನಿಂದ ಆ ಕೆಲಸಕ್ಕೆ ಪಿಎಚ್‌ಡಿ ಕಡ್ಡಾಯ ಅಲ್ಲ, ನೆಟ್ ಅಥವಾ ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ಸಾಕು. ನೆಟ್ ಇವರದು ಯಾವಾಗಲೋ ಪಾಸಾಗಿದೆ. ಪಿಎಚ್‌ಡಿಗೆ ಸೇರಿದ್ದೇ ಅದರ ಮೇಲೆ.